ವಿಮಾನದಾಯಿಯ ಕೈಗುಣ

ಸುರಪುರದ ಮಗ್ಗುಲಿನ ರಂಗಂಪೇಟೆಯಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಇದನ್ನು ದೂರು ಅಂತ ತಿಳಿಯಬೇಡಿ, ಕಷ್ಟಪಟ್ಟು ಗಳಿಸಿದ ಹೆಸರು ಇದು. ಹಾಲಿನವನಿಗೆ ಒಮ್ಮೆ ಹೇಳಿದ್ದೆ, ವಿಮಾನ ಹಾರಿಸಿದವರ ಕಣ್ಣಿಗೆ ಒಂದು ಶಕ್ತಿ ಬರುತ್ತದೆ, ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಅನ್ನುವುದು ದೂರದಿಂದಲೇ ಕಾಣುತ್ತದೆ ಅಂತ. ಪಾಪ, ಕೆಲವು ದಿನ ಹಾಲು ಕೆನೆಗಟ್ಟಿ ಬಂತು. ಆಮೇಲೆ ಅವನ ಹೆಂಡತಿ ಬುದ್ಧಿ ಹೇಳಿದಳಂತೆ: "ಆ ಮುದುಕಿ ಈಗೆಲ್ಲಿ ಹಾರತಾಳೋ? ಕಟ್ಟಿ ಮ್ಯಾಲ ಕುಂತಾಳ." ಹಾಲು ಮತ್ತೆ ಮೊದಲಿನ ಹಾಗಾಯಿತು. ಓಣಿಯ ಮಕ್ಕಳಿಗೆ ಹತ್ತಿಕುಣಿ ಕೆರೆಯಲ್ಲಿ ನನ್ನದೊಂದು ವಿಮಾನ ಮುಳುಗಿಸಿಟ್ಟಿದ್ದೇನೆ, ಬೇಸಿಗೆಯಲ್ಲಿ ನೀರು ಇಳಿದರೆ ರೆಕ್ಕೆ ಕಾಣುತ್ತದೆ ಅಂದಿದ್ದೆ. ಆ ಮಕ್ಕಳು ಈಗ ದೊಡ್ಡವರಾಗಿ ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ರೆಕ್ಕೆ ಹುಡುಕಿಸುತ್ತಾರೆ. ಅವರು ನಂಬಿದ್ದಕ್ಕಲ್ಲ, ಅವರಿಗೂ ಚೇಷ್ಟೆಯ ರುಚಿ ಹತ್ತಿದೆ.

ಆದರೆ ವಿಮಾನ ಹಾರಿಸಿದ್ದು ಸುಳ್ಳಲ್ಲ. ಸೈನ್ಯದಲ್ಲಿ ಡಾಕ್ಟರಾಗಿದ್ದದ್ದೂ ಸುಳ್ಳಲ್ಲ. ನಮ್ಮ ಕಾಲದಲ್ಲಿ ಸಮವಸ್ತ್ರ ತೊಟ್ಟು, ಕೊರಳಲ್ಲಿ ಸ್ಟೆತೊಸ್ಕೋಪು ಹಾಕಿಕೊಂಡು, ಕೈಯಲ್ಲಿ ವಿಮಾನದ ಹಿಡಿಕೆ ಹಿಡಿದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಎಣಿಸುವಾಗ ನನ್ನಿಂದ ಶುರು ಮಾಡಿ ಅಂತ ನಾನು ಒತ್ತಾಯ ಮಾಡುವುದಿಲ್ಲ, ಆದರೆ ಬೇರೆ ಯಾರಿಂದ ಶುರು ಮಾಡಿದರೂ ನಿಮಗೇ ತೊಡಕಾಗುತ್ತದೆ.

ಸಂದರ್ಶನಕ್ಕೆ ಹೋದಾಗ ಮೀಸೆಯ ಅಧಿಕಾರಿಯೊಬ್ಬರು, "ದಿನವೂ ಗಂಡಸರ ಮೈ ಪರೀಕ್ಷೆ ಮಾಡಬೇಕಾಗುತ್ತದೆ, ನಿಮಗೆ ನಾಚಿಕೆ ಆಗುವುದಿಲ್ಲವೇ?" ಅಂತ ಕೇಳಿದರು. "ನನಗ್ಯಾಕೆ ನಾಚಿಕೆ ಸರ್? ಅಂಗಿ ಬಿಚ್ಚುವವರು ಅವರು," ಅಂದೆ. ಉಳಿದವರು ನಕ್ಕರು, ಮೀಸೆಯವರು ನಗಲಿಲ್ಲ. ಕೆಲಸ ಸಿಕ್ಕಿತು. ನನ್ನನ್ನು ಹಾಕಿದ್ದು ವಿಮಾನ ಚಾಲಕರು ಇರುವ ನೆಲೆಗೆ. ಯಾರು ಹಾರಲು ಯೋಗ್ಯರು, ಯಾರು ಅಲ್ಲ ಅಂತ ಬರೆದುಕೊಡುವುದು ನನ್ನ ಕೆಲಸ. ಅವರು ಕೆಣಕುತ್ತಿದ್ದರು: ನೆಲದ ಮೇಲೆ ನಿಂತು ನಮ್ಮನ್ನು ಅಳೆಯುತ್ತೀರಲ್ಲ ಡಾಕ್ಟರ್, ಒಮ್ಮೆ ಮೇಲೆ ಬಂದು ಮಾತಾಡಿ. ನಾನು ರಜೆ ಹಾಕಿ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿದೆ. ಉಳಿದ ರಜೆಗಳೂ ಅಲ್ಲೇ ಕಳೆದವು. ಕೊನೆಗೆ ಲೈಸೆನ್ಸು ತಂದು ಅವರ ಊಟದ ಮೇಜಿನ ಮೇಲೆ ಸಾರಿನ ಬಟ್ಟಲಿಗೆ ಒರಗಿಸಿಟ್ಟೆ. ಆ ಮಧ್ಯಾಹ್ನ ಅಲ್ಲಿ ಯಾರಿಗೂ ಊಟ ಸೇರಲಿಲ್ಲ, ನನಗೊಬ್ಬಳಿಗೆ ಬಿಟ್ಟು.

ಒಮ್ಮೆ ನಮ್ಮ ಕಡೆಯ ಆಕಾಶಕ್ಕೂ ಬಂದಿದ್ದೆ. ಮೇಲಿನಿಂದ ಸುರಪುರದ ಗುಡ್ಡಗಳು, ಯಾರೋ ರೊಟ್ಟಿ ಬಡಿಯಲು ನಾದಿಟ್ಟು ಮರೆತುಹೋದ ಹಿಟ್ಟಿನ ಉಂಡೆಗಳ ಹಾಗೆ ಕಂಡವು. ತಿಂಥಣಿಯ ಹತ್ತಿರ ಕೃಷ್ಣೆ ಬಂಡೆಗಳ ನಡುವೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಮುಂದೆ ಮತ್ತೆ ಒಂದಾಗುತ್ತಿತ್ತು. ನಾನು ಹುಟ್ಟಿದ ಊರು ಇಷ್ಟು ಚಿಕ್ಕದೇ ಅನ್ನಿಸಿತು. ಆ ಹೊತ್ತಿಗೆ ಎಂಜಿನ್ನಿನ ಸದ್ದು ಕಿವಿಯೊಳಗೆ ಕೂತು ತನ್ನ ಕೆಲಸ ಮಾಡುತ್ತಿತ್ತು. ಅದು ನನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೂ ಇಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಚಾಲಕರ ಕಿವಿ ಪರೀಕ್ಷೆ ಮಾಡಲು ನನ್ನದೇ ಒಂದು ದಾರಿ ಇತ್ತು. ಪಿಸುಮಾತಿನ ಪರೀಕ್ಷೆ ಅಂದರೆ, ಡಾಕ್ಟರು ಬೆನ್ನ ಹಿಂದೆ ನಿಂತು ಸಣ್ಣಗೆ ಏನೋ ಹೇಳಬೇಕು, ಮುಂದಿರುವವನು ಅದನ್ನು ತಿರುಗಿ ಹೇಳಬೇಕು. ಕಿವಿ ಮಂದವಾದವರು ಎದುರಿನ ಗಾಜಿನ ಕಪಾಟಿನಲ್ಲಿ ನನ್ನ ತುಟಿ ನೋಡಿಕೊಂಡು ಹೇಳಿಬಿಡುತ್ತಿದ್ದರು. ನಾನು ಬಾಯಿಗೆ ಫೈಲು ಅಡ್ಡ ಹಿಡಿದು, "ನಿಮ್ಮ ಪ್ಯಾಂಟು ಹಿಂದೆ ಹರಿದಿದೆ," ಅನ್ನುತ್ತಿದ್ದೆ. ಕೇಳಿಸಿದವನ ಕೈ ತಟಕ್ಕನೆ ಹಿಂದಕ್ಕೆ ಹೋಗುತ್ತಿತ್ತು. ಕೇಳಿಸದವನು ಎದೆಯುಬ್ಬಿಸಿ ಹಾಗೇ ನಿಂತಿರುತ್ತಿದ್ದ. ಅಂಥವರನ್ನು ಹಾರಾಟದಿಂದ ಇಳಿಸುವಾಗ ಚೇಷ್ಟೆ ನಿಲ್ಲುತ್ತಿತ್ತು. ಒಬ್ಬ ಹಿರಿಯ ಚಾಲಕ, ಒಳ್ಳೆಯ ಮನುಷ್ಯ, ನನ್ನ ಸಹಿ ನೋಡಿ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. "ನೀವೂ ಹಾರುತ್ತೀರಿ. ನಿಮಗೆ ಗೊತ್ತಲ್ಲ ಇದು ಏನು ಅಂತ," ಅಂದ. ಗೊತ್ತು ಅಂದೆ.

ನಿವೃತ್ತಿಯಾಗಿ ರಂಗಂಪೇಟೆಗೆ ಬಂದಮೇಲೆ ಬೋರ್ಡು ಹಾಕಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತೆ, ಅಷ್ಟೆ. ಮೊದಲು ಒಬ್ಬರು ಕೆಮ್ಮುತ್ತಾ ಬಂದರು, ಆಮೇಲೆ ಒಬ್ಬಳು ಕೂಸು ಎತ್ತಿಕೊಂಡು ಬಂದಳು. ಕೂಸಿನ ಜ್ವರ ಇಳಿಯಿತು. ಜ್ವರ ಇಳಿಯುವ ಹೊತ್ತಾಗಿತ್ತು, ಇಳಿಯಿತು. ಆದರೆ ಊರು ಹಾಗೆ ಅನ್ನಲಿಲ್ಲ. "ಬಾಯಾರ ಕೈಗುಣ ಛಲೋ ಐತಿ," ಅಂದಿತು. ಕೈಗುಣ ಅಂದರೆ ನಿಮಗೆ ಗೊತ್ತೇ ಇದೆ: ಮದ್ದು ಅದೇ ಆದರೂ ಒಬ್ಬರ ಕೈಯಿಂದ ಕೊಟ್ಟರೆ ನಾಟುತ್ತದೆ, ಇನ್ನೊಬ್ಬರ ಕೈಯಿಂದ ಕೊಟ್ಟರೆ ನಾಟುವುದಿಲ್ಲ. ನಾನು ಕಲಿತದ್ದು, ದುಡಿದದ್ದು, ಹಾರಿದ್ದು ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಕೈ ಒಂದಿದ್ದರೆ ಸಾಕಿತ್ತು. ನನಗೆ ಅದು ಸ್ವಲ್ಪ ಅವಮಾನ, ಬಹಳ ಖುಷಿ. ಮಕ್ಕಳು ವಿಮಾನದಾಯಿ, ಅಂದರೆ ವಿಮಾನದ ಅಜ್ಜಿ, ಅನ್ನುತ್ತಿದ್ದರು, ದೊಡ್ಡವರು ಮರ್ಯಾದೆಗೆ ಬಾಯಾರ ಅನ್ನುತ್ತಿದ್ದರು.

ನನ್ನ ಕೈಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಎದುರು ಮನೆಯ ಬಳೆಗಾರ್ತಿ. ಇಡೀ ಓಣಿಗೆ ಅವಳು ಆಪಾ, ಅಂದರೆ ಅಕ್ಕ. ನಾನು ಅವಳಿಗಿಂತ ಬಹಳ ದೊಡ್ಡವಳು, ಆದರೂ ಆಪಾ ಅಂತಲೇ ಕರೆಯುತ್ತೇನೆ, ಅವಳಿಗೆ ಸಿಟ್ಟು ಬರಲಿ ಅಂತ. ಹೆಂಗಸರ ಕೈ ಹಿಡಿದು, ಬೆರಳ ಗೆಣ್ಣು ಒತ್ತಿ ನೋಡಿ, ಅಳತೆ ಪಟ್ಟಿ ಇಲ್ಲದೆ ಬಳೆ ಏರಿಸುವವಳು. ಹಾಗಾಗಿ ಲೋಕದಲ್ಲಿ ಏನಿದ್ದರೂ ಕೈಯಲ್ಲೇ ಇದೆ ಅನ್ನುವುದು ಅವಳ ನಂಬಿಕೆ. ನನಗೆ ಬಳೆ ತೊಡಿಸುವಾಗಲೆಲ್ಲ ಹೇಳುತ್ತಿದ್ದಳು: "ಇದು ಹೂವಿನಂಥಾ ಕೈ ಅಲ್ರಿ ಬಾಯಾರ, ಬಿರುಸು ಕೈ. ಆದ್ರ ಬರಕತ್ ಐತ್ರಿ ಇದರಾಗ, ಮುಟ್ಟಿದ್ದು ಒಳ್ಳೇದಾಗತೈತಿ."

ಹೋದ ವರ್ಷ ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಆಪಾ ತನ್ನ ಸಣ್ಣ ಸೊಸೆಯನ್ನು ಕರೆದುಕೊಂಡು ಬಂದಳು. ಶಹಾಪುರದ ಹುಡುಗಿ, ಮದುವೆಯಾಗಿ ವರ್ಷ ತುಂಬಿತ್ತು, ಚೊಚ್ಚಲ ಬಸಿರು, ಆರು ತಿಂಗಳ ಹೊಟ್ಟೆ. ರಸ್ತೆ ದಾಟಿ ಬಂದದ್ದಕ್ಕೇ ಅವಳ ಮೂಗಿನ ಹೊಳ್ಳೆ ಅರಳುತ್ತಿತ್ತು.

"ಸ್ವಲ್ಪ ದಮ್ಮು ಬರ್ತದ ಅಂತಾಳ್ರಿ," ಅಂದಳು ಆಪಾ. "ಈಗಿನ ಹುಡುಗ್ಯಾರು ನಾಜೂಕ. ನಾ ಹೊಟ್ಟ್ಯಾಗ ಕೂಸು ಇಟಗೊಂಡು ತಲಿ ಮ್ಯಾಲ ಬಳಿ ಬುಟ್ಟಿ ಹೊತ್ತು ಯಾದಗಿರಿ ಸಂತಿಗಿ ಹೋಗಿದ್ದೆ."

"ನೀ ಹೋಗಿದ್ದಿ, ಸಂತಿ ನಿನ್ನ ನೋಡಿ ಓಡಿತ್ತು," ಅಂದೆ. ಹುಡುಗಿಯ ಕಡೆ ತಿರುಗಿ, "ಮಲಕೊಂಡಾಗ ಹ್ಯಾಂಗ ಆಗತೈತಿ?" ಅಂತ ಕೇಳಿದೆ.

ಹುಡುಗಿ ಅತ್ತೆಯ ಮುಖ ನೋಡಿ, ಆಮೇಲೆ ನೆಲ ನೋಡಿ, "ಮಲಕೊಂಡ್ರ ನೀರಾಗ ಮುಳಗಿದಂಗ ಆಗತೈತ್ರಿ. ಗ್ವಾಡಿಗಿ ಆತು ಕುಂದ್ರತೇನಿ," ಅಂದಳು.

ಆ ಒಂದು ಮಾತು ಸಾಕಾಗಿತ್ತು. ಕಾಲು ಒತ್ತಿದೆ, ಬೆರಳಿನ ಗುಣಿ ಹಾಗೇ ಉಳಿಯಿತು. ಕೊರಳ ನರ ಉಬ್ಬಿತ್ತು. ಚಿಕ್ಕವಳಿದ್ದಾಗ ಕೀಲು ಬಾತು ಜ್ವರ ಬಂದಿತ್ತಾ ಅಂದೆ, ಬಂದಿತ್ತು ಅಂದಳು. ಆ ಜ್ವರ ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಹೃದಯದೊಳಗಿನ ಬಾಗಿಲು ಕಿರಿದಾಗುತ್ತದೆ, ಬಸಿರಿನಲ್ಲಿ ರಕ್ತ ಹೆಚ್ಚಾದಾಗ ಆ ಬಾಗಿಲು ಸಾಲುವುದಿಲ್ಲ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹಾಗೇ ಬಿಟ್ಟರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ.

ಸ್ಟೆತೊಸ್ಕೋಪು ಬೆನ್ನಿಗೆ ಇಟ್ಟೆ. ಶ್ವಾಸಕೋಶದಲ್ಲಿ ನೀರು ನಿಂತಾಗ ಒಂದು ಸಣ್ಣ ಸದ್ದು ಬರುತ್ತದೆ, ಕಿವಿಯ ಹತ್ತಿರ ಕೂದಲು ಉಜ್ಜಿದ ಹಾಗೆ. ಅದು ಇರಲಿಲ್ಲ. ಹೃದಯಕ್ಕೆ ಇಟ್ಟೆ. ಬಡಿತ ಬಿಟ್ಟರೆ ಬೇರೇನೂ ಕೇಳಲಿಲ್ಲ. ಮತ್ತೆ ಇಟ್ಟೆ, ಉಸಿರು ಹಿಡಿ ಅಂದೆ, ಬಿಡು ಅಂದೆ. ಇಲ್ಲ. ಬೇರೆ ಎಲ್ಲ ಗುರುತೂ ಇದ್ದು ಆ ಸದ್ದೊಂದೇ ಇಲ್ಲ ಅಂದರೆ, ಇಲ್ಲದಿರುವುದು ಸದ್ದಲ್ಲ, ಕಿವಿ. ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು ನನ್ನದೇ ನಾಲ್ಕು ಬಿಳಿ ಕೂದಲು ಹಿಡಿದು ಕಿವಿಯ ಹತ್ತಿರ ಉಜ್ಜಿದೆ. ಬೆರಳಿಗೆ ತಿಳಿಯಿತು, ಕಿವಿಗೆ ತಿಳಿಯಲಿಲ್ಲ. ಇನ್ನೊಂದು ಕಿವಿಗೂ ತಿಳಿಯಲಿಲ್ಲ.

ಹೊರಗೆ ಬಂದು, "ಆಪಾ, ಇವತ್ತ ಇಕಿನ್ನ ಸರ್ಕಾರಿ ದವಾಖಾನಿಗಿ ಕರಕೊಂಡು ಹೋಗು. ಎದಿ ತಪಾಸ ಆಗಬೇಕು," ಅಂದೆ.

"ಯಾಕ್ರಿ? ನೀವು ನೋಡಿದ್ರಲ್ಲ?"

"ನಾ ನೋಡಿದೆ, ನನಗ ಕೇಳಸಲಿಲ್ಲ. ನನ್ನ ಕಿವಿ ಹೋಗ್ಯಾವ."

ಆಪಾ ಜೋರಾಗಿ ನಕ್ಕಳು. "ಯಾ ಅಲ್ಲಾ! ನಾ ಅಲ್ಲಿ ನಮ್ಮ ಬಾಗಲದಾಗ ನಿಂತು ಬೈದ್ರ ಇಲ್ಲಿಂದ ಜವಾಬ್ ಕೊಡ್ತೀರಿ, ಕಿವಿ ಹೋಗ್ಯಾವಂತ! ಇವತ್ತ ಯಾರೂ ಸಿಗಲಿಲ್ಲೇನ್ರಿ ಚೇಷ್ಟಿಗಿ?"

"ಚೇಷ್ಟಿ ಅಲ್ಲ ಆಪಾ. ದೇವರಾಣಿ."

"ಹಾಲಿನವಂಗೂ ಹಿಂಗ ದೇವರಾಣಿ ಮಾಡಿದ್ರಿ."

ಅದೂ ನಿಜ. ಮಾಡಿದ್ದೆ.

ಅವಳ ಹಟಕ್ಕೆ ಕಾರಣವೂ ಇತ್ತು. ದೊಡ್ಡ ಸೊಸೆಯ ಹೆರಿಗೆಯಲ್ಲಿ ಹೊಟ್ಟೆ ಕೊಯ್ದಿದ್ದರು. ಕೊಯ್ದು ತಾಯಿ ಮಗು ಇಬ್ಬರನ್ನೂ ಉಳಿಸಿದ್ದರು, ಆದರೆ ಆಪಾ ಉಳಿಸಿದ್ದನ್ನು ಮರೆತು ಕೊಯ್ದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದಳು. ಈ ಹುಡುಗಿಯ ಗಂಡ, ಸಣ್ಣ ಮಗ, ಬಳೆ ಗಾಡಿ ತಳ್ಳಿಕೊಂಡು ಸಂತೆಯಿಂದ ಸಂತೆಗೆ ಹೋಗುವವನು, ತಾಯಿಯ ಮಾತು ದಾಟುವವನಲ್ಲ.

"ಒಂದ ಗುಳಿಗಿ ಕೊಡ್ರಿ ಸಾಕು, ನಿಮ್ಮ ಕೈಲೆ," ಅಂದಳು.

"ನನ್ನ ಕೈಯಾಗ ಏನಿಲ್ಲ ಮಾರಾಯ್ತಿ. ಇದ್ರ ಆ ದವಾಖಾನಿ ಡಾಕ್ಟರಮ್ಮಗ ಕಡಾ ಕೊಡ್ತೇನಿ, ತಗೋ ಅಂತ."

ಆಗ ಆಪಾಳ ಮುಖ ಗಂಭೀರವಾಯಿತು. "ಹಂಗ ಅನಬ್ಯಾಡ್ರಿ. ಕೈಗುಣ ಕಡಾ ಕೊಡೂದಲ್ರಿ ಅದು, ಉಪ್ಪು ಕೊಟ್ಟಂಗ. ತಿಂಥಣಿ ಹಾದ್ಯಾಗ ಕಾಮಾಲಿ ಔಷಧ ಕೊಡೋ ಮುತ್ಯಾ ಇದ್ದನಲ್ರಿ, ಮುದುಕ ಆದಮ್ಯಾಲ ತಂಗಿ ಮಗನ ಕೈಗಿ ಧಾರಿ ಎರದ. ಎರದಮ್ಯಾಲ ಮುಗೀತು. ಸ್ವಂತ ಮೊಮ್ಮಗಗ ಕಾಮಾಲಿ ಆದ್ರೂ ಮುಟ್ಟಲಿಲ್ಲ, ಅವನ ಕಡಿಗಿ ಹೋಗ್ರಿ ಅಂದ. ಕೊಟ್ಟಮ್ಯಾಲ ಕೊಟ್ಟವರ ಕೈಯಾಗ ಉಳಿಯಂಗಿಲ್ರಿ ಅದು."

ನಿಜ ಹೇಳಿದರೆ ನಗುತ್ತಾಳೆ, ಧಾರೆ ಅಂದರೆ ಕೈ ಮುಗಿಯುತ್ತಾಳೆ. ನನ್ನ ಮುದಿ ತಲೆ ಕೆಲಸ ಶುರು ಮಾಡಿತು. ಸೊಸೆಯ ಉಪ್ಪು ನಿಲ್ಲಿಸು, ಮೈ ನೆಟ್ಟಗೆ ಮಾಡಿ ಕೂರಿಸು, ನಾಳೆ ಬೆಳಿಗ್ಗೆ ಕರೆದುಕೊಂಡು ಬಾ ಅಂತ ಹೇಳಿ ಕಳಿಸಿ, ಆಟೋ ಹಿಡಿದು ಸುರಪುರದ ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ಯಾದಗಿರಿ ಕಡೆಯ ಹುಡುಗಿ. ಅಪ್ಪ ಹಳ್ಳಿಯ ಮೇಷ್ಟ್ರು, ಬುದ್ಧನ ಪಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕೈ ಮುಗಿಯದ ಮನೆ. ನನ್ನನ್ನು ಕಂಡರೆ ಅವಳಿಗೆ ಗೌರವ, ಆದರೆ ಹೆದರಿಕೆ ಇಲ್ಲ. ನಾನು ಎಲ್ಲವನ್ನೂ ಹೇಳಿದೆ. ಹುಡುಗಿಯ ಲಕ್ಷಣ ಕೇಳುತ್ತಲೇ, "ಈಗ ನಡೀರಿ, ಮನಿಗೇ ಬರ್ತೇನಿ," ಅಂತ ಎದ್ದಳು. "ನೀ ಬಂದ್ರ ಆಪಾ ಬಾಗಲಾ ಹಾಕತಾಳ," ಅಂದೆ. ಧಾರೆಯ ಮಾತು ಹೇಳಿದಾಗ ಅವಳು ಮತ್ತೆ ಕುರ್ಚಿಯಲ್ಲಿ ಕೂತಳು.

"ಇದು ಆಗಂಗಿಲ್ರಿ ಮೇಡಂ. ನಮ್ಮಪ್ಪ ಜೀವನಾ ಪೂರ್ತಿ ಇಂಥಾವುಗಳ ವಿರುದ್ಧ ಮಾತಾಡ್ಯಾರ. ನಾ ಕೈಯಾಗ ನೀರು ಹಾಕಿಸ್ಕೊಂಡು ನಿಂತ್ರ ಅವರ ಮುಖ ಹ್ಯಾಂಗ ನೋಡ್ಲಿ?"

"ಅಪ್ಪಗ ನಾ ಹೇಳ್ತೇನಿ. ಸುಳ್ಳಿನ ಪಾಪ ನಂದು, ತಪಾಸ ನಿಂದು."

"ನಿಮಗೇನ್ರಿ, ಚೇಷ್ಟಿ ಮಾಡಿ ನಕ್ಕು ಸುಮ್ನಾಗ್ತೀರಿ. ನಾಳಿಂದ ಮಂದಿ ನನ್ನ ಕಡಿಗಿ ಕೈಗುಣ ಅಂತ ಬರ್ತಾರ. ಆರಾಮ ಆದ್ರ ಕೈಗುಣ ಅಂತಾರ, ಆಗಲಿಲ್ಲಂದ್ರ ಇಕಿ ಕೈ ಕೆಟ್ಟೈತಿ ಅಂತಾರ. ನಾ ಓದಿದ್ದು ಎಲ್ಲಿ ಹೋತು?"

ಅವಳ ಮಾತು ಖರೆ. ಇಷ್ಟು ವರ್ಷ ಆ ಕಟ್ಟೆಯ ಮೇಲೆ ಕೂತು ನಾನೂ ಅದನ್ನೇ ಹೇಳಬೇಕಾಗಿತ್ತು, ಹೇಳಿರಲಿಲ್ಲ, ಹೊಗಳಿಕೆ ಸಿಹಿಯಾಗಿತ್ತು. "ಅದೆಲ್ಲಾ ನೀ ಮುಂದ ನಿಂತು ಬಿಡಿಸು, ಅವ್ವಾ. ಆ ಹುಡುಗಿ ಹತ್ರ ಅಷ್ಟು ಟೈಮಿಲ್ಲ," ಅಂದೆ.

ಅವಳು ನನ್ನನ್ನು ನೋಡಿದಳು. "ಖರೇನ ನಿಮಗ ಕೇಳಸಂಗಿಲ್ಲೇನ್ರಿ? ನನ್ನ ಮಾತು ಕೇಳಸಾಕತ್ತೈತಲ್ಲ?"

"ಮಾತು ಕೇಳತೈತಿ. ಸಣ್ಣ ಸದ್ದು ಕೇಳಂಗಿಲ್ಲ."

ಅವಳು ಎದ್ದು ನನ್ನ ಹಿಂದೆ ಹೋದಳು. ಬಾಗಿಲು ಮುಚ್ಚಿದಳು. ನಾನು ಎದುರಿನ ಗೋಡೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವಳ ತುಟಿ ಆಗತಾನೆ ಮುಚ್ಚುತ್ತಿತ್ತು.

"ಏನಂದಿ?" ಅಂದೆ.

"ಏನಿಲ್ರಿ," ಅಂದಳು. ಧ್ವನಿ ಮೆತ್ತಗಾಗಿತ್ತು. "ನಾಳಿ ಮುಂಜಾನೆ ಬರ್ತೇನಿ."

ಅವಳು ಏನು ಪಿಸುಗುಟ್ಟಿದಳು ಅಂತ ಇವತ್ತಿಗೂ ಹೇಳಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಪರೀಕ್ಷೆಯಲ್ಲಿ ಸೋತವರಿಗೆ ನಾನೂ ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆ ತೊಳೆಸಿ ರಂಗೋಲಿ ಹಾಕಿಸಿದೆ. ನಾಟಕ ಆಡಿದರೆ ಪೂರ್ತಿ ಆಡಬೇಕು. ಟ್ರಂಕಿನಿಂದ ಹಳೆಯ ಸಮವಸ್ತ್ರದ ಕೋಟು ತೆಗೆದು ಸೀರೆಯ ಮೇಲೆ ಹಾಕಿಕೊಂಡೆ, ಗುಂಡಿ ಹತ್ತಲಿಲ್ಲ, ಕೋಟು ಸಣ್ಣದಾಗಿತ್ತು ಅಂತ ಇಟ್ಟುಕೊಳ್ಳಿ. ತಾಮ್ರದ ತಂಬಿಗೆ, ವೀಳ್ಯದೆಲೆ, ಅಡಿಕೆ. ಓಣಿ ಪೂರ್ತಿ ನೆರೆಯಿತು. ಮೊಬೈಲುಗಳು ಮೇಲೆದ್ದವು. ಆಪಾ ಸೊಸೆಯನ್ನು ಕಂಬಕ್ಕೆ ಒರಗಿಸಿ ಕೂರಿಸಿ, ತಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ನಿಂತಳು.

"ಬಾಯಾರ, ಖರೇನ ಕೊಡ್ತೀರೇನ್ರಿ? ವಿಚಾರ ಮಾಡ್ರಿ. ತಿರುಗಿ ಬರಂಗಿಲ್ರಿ," ಅಂದಳು.

"ಮುದುಕಿ ಆದೆ ಆಪಾ. ಇಟಗೊಂಡು ಏನ್ ಮಾಡ್ಲಿ?"

ಡಾಕ್ಟರಮ್ಮ ಬಂದಳು. ಮುಖ ಗಂಟಿಕ್ಕಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವಳ ಹಾಗೆ ಎರಡೂ ಕೈ ಚಾಚಿದಳು. ನಾನು ಅವಳ ಅಂಗೈಯಲ್ಲಿ ವೀಳ್ಯದೆಲೆ ಇಟ್ಟು, ನನ್ನ ಅಂಗೈಯಿಂದ ನೀರು ಇಳಿಬಿಡುತ್ತಾ ಮಂತ್ರ ಶುರು ಮಾಡಿದೆ. ನನಗೆ ಬರುವುದು ಒಂದೇ ಮಂತ್ರ, ವಿಮಾನ ಏರುವ ಮೊದಲು ಹೇಳಿಕೊಳ್ಳುವುದು: "ಬ್ರೇಕ್... ಫ್ಯೂಯಲ್... ಆಯಿಲ್... ಟ್ರಿಮ್... ಹಾರ್ನೆಸ್..." ಜನ ಭಕ್ತಿಯಿಂದ ಕೇಳಿದರು. ಹಿಂದಿನಿಂದ ಒಬ್ಬ, "ಸಂಸ್ಕೃತ ಐತಿ ನೋಡು," ಅಂದ. ಡಾಕ್ಟರಮ್ಮ ತುಟಿ ಕಚ್ಚಿಕೊಂಡು ನಗು ತಡೆದಳು. ನನಗೂ ಹೊಟ್ಟೆಯಲ್ಲಿ ನಗು ಕುಣಿಯುತ್ತಿತ್ತು. ಇಷ್ಟು ಒಳ್ಳೆಯ ಚೇಷ್ಟೆ ನಾನು ಸೈನ್ಯದಲ್ಲೂ ಮಾಡಿರಲಿಲ್ಲ.

ಮಂತ್ರ ಮುಗಿಯುತ್ತಾ ಬಂತು. ಕೊನೆಗೆ ಏನಾದರೂ ಬೇಕಲ್ಲ, ಬಾಯಿಗೆ ಬಂದದ್ದು ಅಂದೆ: "ಯು ಹ್ಯಾವ್ ಕಂಟ್ರೋಲ್."

ಎರಡು ಸೀಟಿನ ವಿಮಾನದಲ್ಲಿ ಒಬ್ಬರು ಹಿಡಿಕೆ ಬಿಟ್ಟು ಇನ್ನೊಬ್ಬರಿಗೆ ಕೊಡುವಾಗ ಈ ಮಾತು ಹೇಳಬೇಕು. ತಗೊಳ್ಳುವವರು ತಗೊಂಡೆ ಅಂತ ಬಾಯಿ ಬಿಟ್ಟು ಹೇಳಬೇಕು. ಆಮೇಲೆ ಕೊಟ್ಟವರು ಕೈ ಎತ್ತಬೇಕು, ಪೂರ್ತಿ ಎತ್ತಬೇಕು. ಇಬ್ಬರೂ ಹಿಡಿದರೂ ಅಪಾಯ, ಇಬ್ಬರೂ ಬಿಟ್ಟರೂ ಅಪಾಯ. ಡಾಕ್ಟರಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಆದರೂ ಏನೋ ಉತ್ತರ ಕೊಡಬೇಕು ಅನ್ನಿಸಿರಬೇಕು. ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಆಯ್ತ್ರಿ. ನಾ ಹಿಡಿದೆ," ಅಂದಳು.

ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದಿದ್ದವು. ಉರುಳಿದ ತಂಬಿಗೆಯ ನೀರು ರಂಗೋಲಿಯ ಮೇಲೆ ಹರಿಯುತ್ತಿತ್ತು.

ಅವಳು ಒದ್ದೆ ಕೈ ಸೀರೆಗೆ ಒರೆಸಿಕೊಂಡು ನೇರ ಕಂಬದ ಹತ್ತಿರ ಹೋದಳು. ಹುಡುಗಿಯ ಬೆನ್ನಿಗೆ ತನ್ನ ಸ್ಟೆತೊಸ್ಕೋಪು ಇಟ್ಟು ಕಣ್ಣು ಮುಚ್ಚಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಮೊದಲು ಹುಬ್ಬು ಸ್ವಲ್ಪ ಕೂಡಿತು. ಎದೆಗೆ ಇಟ್ಟಳು, ಎಡಗಡೆ ವಾಲಿಸಿ ಮತ್ತೆ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ನಾನು ಕೇಳಬೇಕಾಗಿದ್ದ ಸದ್ದನ್ನು ಅವಳು ಕೇಳುವುದನ್ನು ನಾನು ನೋಡಿದೆ.

"ಇವತ್ತ ಕಲಬುರಗಿಗಿ ಹೋಗಬೇಕ್ರಿ," ಅಂದಳು ಆಪಾಗೆ. "ಈಗ. ಆಂಬುಲೆನ್ಸ್ ನಾ ಕರಸ್ತೇನಿ, ನಾನೂ ಸಂಗಡ ಬರ್ತೇನಿ."

ಆಪಾ ಒಂದು ಮಾತೂ ಎದುರಾಡಲಿಲ್ಲ. "ಹೌದ್ರಿ ಡಾಕ್ಟರಮ್ಮ, ನೀವು ಹೇಳಿದಂಗ," ಅಂದಳು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಗಂಟು ಕಟ್ಟಲು ಓಡಿದಳು.

ಕಲಬುರಗಿಯಲ್ಲಿ ತಪಾಸಣೆ ಮಾಡಿ, ನೀರು ಇಳಿಸುವ ಔಷಧ ಕೊಟ್ಟು, ತೊಡೆಯ ನರದಿಂದ ಒಂದು ಸಣ್ಣ ಬಲೂನು ಕಳಿಸಿ ಹೃದಯದ ಬಾಗಿಲನ್ನು ಅಗಲ ಮಾಡಿದರು. ಎದೆ ಕೊಯ್ಯಲಿಲ್ಲ. ಆಪಾ ಅಲ್ಲಿಂದ ಫೋನು ಮಾಡಿ, "ಬಾಯಾರ, ಹುಡುಗಿ ಉದ್ದಕ ಮಲಗ್ಯಾಳ್ರಿ! ಚಾದರ ಹೊತಗೊಂಡು ಉದ್ದಕ ಮಲಗ್ಯಾಳ!" ಅಂತ ಕೂಗಿದಳು. ಆ ಕೂಗು ಕೇಳಲು ಒಳ್ಳೆಯ ಕಿವಿ ಬೇಕಾಗಿರಲಿಲ್ಲ. ಹಿಂದೆ ಡಾಕ್ಟರಮ್ಮನ ನಗು ಕೇಳಿದ ಹಾಗಾಯಿತು, ಅಥವಾ ಕೇಳಿಸಿತು ಅಂದುಕೊಂಡೆ.

ನಾನು ಗೆದ್ದೆ ಅಂತ ಕಟ್ಟೆಯ ಮೇಲೆ ಮೆರೆಯುತ್ತಾ ಕೂತೆ. ಮೆರೆಯಲು ನೋಡುವವರು ಬೇಕಲ್ಲ. ಮೊದಲ ದಿನ ಯಾರೂ ಬರಲಿಲ್ಲ. ಮಳೆ ಹಿಡಿದಿದೆ, ಬಿತ್ತನೆಗೆ ಹೋಗಿರಬೇಕು ಅಂದುಕೊಂಡೆ. ಮಳೆ ಬಿಟ್ಟಿತು, ಬಿತ್ತನೆ ಮುಗಿಯಿತು, ಆಗಲೂ ಯಾರೂ ಇಲ್ಲ. ಧಾರೆಯ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಶಹಾಪುರದ ಬಸ್‌ಸ್ಟ್ಯಾಂಡನ್ನೂ ಮುಟ್ಟಿತ್ತಂತೆ. ಕೆಮ್ಮುವವರು ನನ್ನ ಮನೆಯ ಮುಂದೆ ಕೆಮ್ಮುತ್ತಾ, ನನಗೆ ಕೈ ಮುಗಿದು, ಹಾಗೇ ಆಸ್ಪತ್ರೆಯ ಕಡೆ ನಡೆದುಬಿಡುತ್ತಿದ್ದರು.

ಒಂದು ದಿನ ತಡೆಯಲಾಗಲಿಲ್ಲ. ಹಿಂದಿನ ಓಣಿಯ ರೈತ, ನನ್ನ ವಯಸ್ಸಿನವನು, ಪ್ರತಿ ವಾರ ಬಂದು ರಕ್ತದೊತ್ತಡ ನೋಡಿಸಿಕೊಂಡು ಚಹಾ ಕುಡಿದು ಹೋಗುವವನು. ಅವನನ್ನು ಕೂಗಿ ಕೂರಿಸಿದೆ. ಚಹಾ ಕುಡಿದ. ಮಾತಾಡುತ್ತಾ ಮೆಲ್ಲಗೆ ಅವನ ನಾಡಿ ಹಿಡಿಯಲು ಹೋದೆ. ಅವನು ಕೈಯನ್ನು ಶಲ್ಯದೊಳಗೆ ಎಳೆದುಕೊಂಡ.

"ಬ್ಯಾಡ್ರಿ ಬಾಯಾರ. ಕೊಟ್ಟಿದ್ದು ಕೊಟ್ರಿ. ಈಗ ನೀವು ಹಿಡದ್ರ ಆ ಡಾಕ್ಟರಮ್ಮನ ಕೈಯಾಗಿಂದ ಕಸಗೊಂಡಂಗ ಆಗತೈತ್ರಿ."

"ಅಣ್ಣಾ, ಅದು ಚೇಷ್ಟಿ ಇತ್ತು! ಮಂತ್ರ ಅಲ್ಲ ಅದು, ವಿಮಾನದ ಎಣ್ಣಿ ಬ್ರೇಕು ಎಣಿಸಿದೆ ನಾ!"

ಅವನು ಬೊಚ್ಚು ಬಾಯಿ ತೆರೆದು ನಕ್ಕ. "ಈಗ ಚೇಷ್ಟಿ ಮಾಡಾಕತ್ತೀರಿ," ಅಂದು ಕೋಲು ಊರಿಕೊಂಡು ಎದ್ದ.

ಆ ದಿನ ಬಹಳ ಹೊತ್ತು ಒಬ್ಬಳೇ ಕೂತೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ನಾನು ಇಳಿಸಿದ ಆ ಹಿರಿಯ ಚಾಲಕ ಆಗ ಕುರ್ಚಿಯಲ್ಲಿ ಕೂತು ಏನು ಯೋಚಿಸುತ್ತಿದ್ದ ಅಂತ ನನಗೆ ಗೊತ್ತು ಅಂದಿದ್ದೆ. ಗೊತ್ತಿರಲಿಲ್ಲ. ಹಾರುವವಳಾದ್ದರಿಂದ ಗೊತ್ತು ಅಂದುಕೊಂಡಿದ್ದೆ, ಇಳಿದವಳಿಗೆ ಮಾತ್ರ ಗೊತ್ತಾಗುವ ಸಂಗತಿ ಅದು. ಎಂಜಿನ್ನಿನ ಸದ್ದು ಕಿವಿಯನ್ನು ತಿಂದಿತು ಅಂತ ಅದನ್ನು ಬೈಯಲೂ ಮನಸ್ಸು ಬರಲಿಲ್ಲ. ಆ ಸದ್ದನ್ನು ನಾನೇ ಬಯಸಿ ಹೋಗಿ ಕೇಳಿದ್ದೆ, ರಜೆ ಹಾಕಿ ಹೋಗಿ ಕೇಳಿದ್ದೆ. ಇರುವುದು ಒಂದೇ ಜೋಡಿ ಕಿವಿ. ಅದರಿಂದ ಹಾರುವವಳದೊಂದು, ಡಾಕ್ಟರದೊಂದು ಅಂತ ಎರಡು ಆಯುಷ್ಯ ಕೇಳಿದ್ದಾಯಿತು. ಮತ್ತೆ ಹುಟ್ಟಿದರೆ ಯಾವುದನ್ನು ಬಿಡುತ್ತೀ ಅಂದರೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಡಾಕ್ಟರಮ್ಮ ಆಗಾಗ ಸಂಜೆ ಬರುತ್ತಾಳೆ. ತಾನು ದಿನವೂ ಜನರಿಗೆ, ಕೈಗುಣ ಅಲ್ಲ, ತಪಾಸಣೆ, ಅಂತ ಹೇಳಿ ಹೇಳಿ ದಣಿಯುತ್ತಿದ್ದೇನೆ ಅಂತ ನನ್ನನ್ನು ಬೈಯುತ್ತಾಳೆ. ಅವಳ ಅಪ್ಪನಿಗೂ ವಿಡಿಯೋ ತಲುಪಿತ್ತಂತೆ, ಎರಡು ದಿನ ಮಾತು ಬಿಟ್ಟಿದ್ದರಂತೆ. ನಾನು ಫೋನು ಮಾಡಿ ತಪ್ಪೆಲ್ಲ ನನ್ನದು ಅಂದೆ. ಅವರು, "ಆ ತಾಯಿ ಆರಾಮ ಅದಾಳೇನ್ರಿ?" ಅಂತ ಮಾತ್ರ ಕೇಳಿದರು. ಆರಾಮ ಅಂದೆ. "ಆಯ್ತು ಬಿಡ್ರಿ," ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿಗೆ ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಹೊಟ್ಟೆಯನ್ನೂ ಕೊಯ್ಯಲಿಲ್ಲ, ಅದನ್ನು ಆಪಾ ಇಡೀ ಓಣಿಗೆ ಸಾರಿದಳು. ಬಾಣಂತಿಯ ನಲವತ್ತನೆಯ ದಿನದ ಸ್ನಾನ ಮುಗಿದ ಮೇಲೆ ಅವರ ಮನೆಯವರು ಮೊದಲು ಹೊಸಿಲು ದಾಟಿ ಬಂದದ್ದು ನನ್ನ ಕಟ್ಟೆಗೆ. ಹುಡುಗಿ ಮೆಟ್ಟಿಲು ಹತ್ತಿ ಬಂದಳು, ಹೊಳ್ಳೆ ಅರಳಲಿಲ್ಲ. ಆಪಾ ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ನಾನು ಅಭ್ಯಾಸ ಬಲದಿಂದ ಕನ್ನಡಕ ಮೂಗಿಗೇರಿಸಿ ಕೈ ಚಾಚಿದೆ.

ಆಪಾ ಒಂದು ಹೆಜ್ಜೆ ಹಿಂದೆ ಸರಿದಳು. "ನೋಡಬ್ಯಾಡ್ರಿ ಬಾಯಾರ. ನೋಡೂದು ಡಾಕ್ಟರಮ್ಮ ನೋಡ್ಯಾಳ." ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. "ಎತ್ಕೋರಿ. ಸುಮ್ನ ಎತ್ಕೋರಿ."

ಎಷ್ಟು ಕೂಸುಗಳು ಈ ಕೈಯಲ್ಲಿ ಬಂದು ಹೋಗಿದ್ದವು. ಒಂದನ್ನೂ ಸುಮ್ಮನೆ ಎತ್ತಿಕೊಂಡಿರಲಿಲ್ಲ. ಬಂದದ್ದನ್ನು ತಿರುಗಿಸಿ, ಒತ್ತಿ, ಕಣ್ಣು ರೆಪ್ಪೆ ಎಳೆದು, ಅಳಿಸಿ, ವಾಪಸು ಕೊಟ್ಟಿದ್ದೆ. ಇದು ನನ್ನ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಯಿತು. ಭಾರ ಹಿತವಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಆಪಾ ಬಾಗಿ ನನ್ನ ಮುಖ ನೋಡಿದಳು. "ಏನ್ರಿ, ತುಟಿ ಅಲಗಾಡಾಕತ್ತಾವ? ಏನ್ ಎಣಸಾಕತ್ತೀರಿ?"

"ಬೆರಳು," ಅಂದೆ.

"ಎಲ್ಲಾ ಅದಾವ, ಸುಮ್ಕಿರ್ರಿ," ಅಂದು ಅವಳು ಕಂಬಕ್ಕೆ ಒರಗಿ ಸೊಸೆಗೆ ಚಹಾ ತರಲು ಹೇಳಿದಳು.

ಕೂಸಿನ ಉಸಿರಿನ ಲೆಕ್ಕ ಸರಿಯಾಗಿತ್ತು.